ಮೂರು ತಿಂಗಳಿಗೊಮ್ಮೆ ಬೇರಿಂಗ್ ಹೋಗ್ತದ ಅಂದ್ರ ಕಂಪನಿ ಬದಲಿ ಮಾಡಬ್ಯಾಡ್ರಿ, ಕೂಡಸೋ ರೀತಿ ನೋಡ್ರಿ

ಪ್ರಶ್ನೆ: ಸರ್ ನಮಸ್ಕಾರ್ರಿ. ನಾನು ಮೂಲ ಇಂಡಿ ತಾಲೂಕಿನಾಂವ, ಈಗ ಪುಣೆ ಭೋಸರಿ ಎಂಐಡಿಸಿಯೊಳಗ ಒಂದು ಸಣ್ಣ ಯೂನಿಟ್‌ನ್ಯಾಗ ಮೇಂಟೆನನ್ಸ್ ನೋಡ್ಕೋತೀನಿ. ನಮ್ಮಲ್ಲಿ ಒಂದು ಬೆಲ್ಟ್ ಬ್ಲೋವರ್ ಅದ, 15 ಎಚ್‌ಪಿ ಮೋಟರ್, 1440 ಆರ್‌ಪಿಎಂ. ಪುಲ್ಲಿ ಕಡೆ 6309 ಬೇರಿಂಗ್ ಎರಡು-ಮೂರು ತಿಂಗಳಿಗೊಮ್ಮೆ ಆವಾಜ್ ಮಾಡಿ ಹೋಗ್ತದ. ಮೂರು ಕಂಪನಿದು ಹಾಕಿ ನೋಡಿದ್ವಿ. ಶೇಠ್‌ರು ಡುಪ್ಲಿಕೇಟ್ ಮಾಲ್ ತರ್ತೀರಿ ಅಂತ ಬೈತಾರ. ಫಿಟ್ಟರ್ ಪೈಪ್ ಇಟ್ಟು ಸುತ್ತಿಗಿಲೆ ಹೊಡದು ಕೂಡಸ್ತಾನ, ಶಾಫ್ಟ್ ಜರಾ ಲೂಸ್ ಅದ ಅಂತ ಪಂಚ್ ಸುದ್ದಾ ಹೊಡದಾನ. ಯಾವ ಕಂಪನಿದು ಹಾಕ್ಬೇಕು? ಒಳಗ ಸಂದು ಜಾಸ್ತಿ ಇರೋ ಸಿ3 ಬೇಕೋ ಸಾದಾ ನಡೀತದೋ? ಕಾಸಿ ಹಾಕಿದ್ರ ಬೇರಿಂಗ್ ಮೆತ್ತಗಾಗ್ತದ ಅಂತಾರ, ಖರೇನಾ? ತಗದ ಬೇರಿಂಗ್ ಚಲೋ ಕಂಡ್ರ ಮತ್ತ ಹಾಕ್ಬಹುದಾ?

ಉತ್ತರ: ಕಂಪನಿ ವಿಷಯ ಮೊದಲ ಮುಗಿಸಿಬಿಡೋಣ. ಮೂರು ಬ್ಯಾರೆ ಬ್ಯಾರೆ ಕಂಪನಿ ಬೇರಿಂಗ್ ಒಂದೇ ಜಾಗಾದಾಗ, ಒಂದೇ ಅವಧಿಯೊಳಗ ಹೋಗ್ಯಾವ ಅಂದ್ರ ತಪ್ಪು ಬೇರಿಂಗಿನೊಳಗ ಇಲ್ಲ, ಆ ಜಾಗಾದಾಗ ಅದ ಇಲ್ಲಾ ಕೂಡಸೋ ಕೈಯೊಳಗ ಅದ. ಡುಪ್ಲಿಕೇಟ್ ಮಾಲ್ ಇಲ್ಲ ಅಂತ ಹೇಳಂಗಿಲ್ಲ, ಮುಂಬೈ ನಾಗದೇವಿ ಸ್ಟ್ರೀಟಿನಿಂದ ತರ್ರಿ, ಪುಣೆಯೊಳಗ ತಗೋರಿ, ಬಿಲ್ ಕೊಡೋ ಅಧಿಕೃತ ಡೀಲರ್ ಹತ್ರ ತಗೋರಿ, ಎಸ್‌ಕೆಎಫ್ ಬೇರಿಂಗ್ ಕಂಪನಿಯವರದು ಬಾಕ್ಸಿನ ಫೋಟೋ ಕಳಿಸಿ ಅಸಲಿನೋ ನಕಲಿನೋ ಕೇಳೋ ಆಪ್ ಸೈತ ಅದ. ಅಷ್ಟು ಮಾಡಿದ ಮ್ಯಾಲ ಶೇಠ್‌ರ ಬೈಗಳಕ್ಕ ಕಾರಣ ಉಳ್ಯಂಗಿಲ್ಲ, ಆದ್ರ ಬೇರಿಂಗ್ ಮತ್ತ ಹೋಗ್ತದ, ಅದನ್ನ ಈಗ ಬರದು ಇಟ್ಕೋರಿ.

ಈ ಬೇರಿಂಗ್ ಎಷ್ಟು ದಿನ ಬಾಳಬೇಕು ಅನ್ನೋದರ ಲೆಕ್ಕ ನೋಡ್ರಿ. 6309 ಅಂದ್ರ ಬೋರ್, ಅಂದ್ರ ಒಳಗಿನ ತೂತು, 45 ಮಿಮೀ, ಹೊರಗಿನ ವ್ಯಾಸ 100, ಅಗಲ 25. ಇದರ ಡೈನಾಮಿಕ್ ಲೋಡ್ ರೇಟಿಂಗ್, ಅಂದ್ರ ತಿರಗುವಾಗ ಭಾರ ಹೊರೋ ಶಕ್ತಿಯ ಅಂಕಿ, ಕ್ಯಾಟಲಾಗಿನೊಳಗ ಸುಮಾರು 53 ಕಿಲೋನ್ಯೂಟನ್ ಇರ್ತದ. ನಿಮ್ಮ ಬೆಲ್ಟ್ ಎಳತ, ರೋಟರ್ ಭಾರ ಎಲ್ಲಾ ಸೇರಿ 4 ಕಿಲೋನ್ಯೂಟನ್ ಬೀಳ್ತದ ಅಂತ ಹಿಡೀರಿ, ಜಾಸ್ತಿನೇ ಹಿಡದೀನಿ. 53ನ್ನ 4ರಿಂದ ಭಾಗಿಸಿ ಮೂರನೇ ಘಾತಕ್ಕ ಏರಿಸಿದ್ರ ಸುಮಾರು 2,300 ಮಿಲಿಯನ್ ಸುತ್ತು ಬರ್ತದ, 1440 ಆರ್‌ಪಿಎಂಗೆ ಅದು ಸುಮಾರು 27 ಸಾವಿರ ತಾಸು, ಹಗಲೂ ರಾತ್ರಿ ಓಡಿಸಿದ್ರೂ ಮೂರು ವರ್ಷ. ಇದು ಸರಾಸರಿ ಅಲ್ಲ, ಇಂಥ 100 ಬೇರಿಂಗ್ ಹಾಕಿದ್ರ 90 ಇಷ್ಟಾದ್ರೂ ದಾಟ್ತಾವ ಅನ್ನೋ ಲೆಕ್ಕ. ಗ್ರೀಸ್ ಮಾತ್ರ ನಡುವ ನಡುವ ಕೊಡಬೇಕಾಗ್ತದ. ಈಗ ಅದೇ ಬೆಲ್ಟನ್ನ ಸ್ಲಿಪ್ ಆಗ್ತದ ಅಂತ ತಂತಿ ಹಂಗ ಬಿಗದು ಲೋಡ್ ಎರಡು ಪಟ್ಟು ಮಾಡಿದ್ರಿ ಅಂದ್ರ ಬಾಳಿಕಿ ಅರ್ಧ ಆಗಂಗಿಲ್ಲ, ಎಂಟನೇ ಒಂದು ಪಾಲು ಆಗ್ತದ, ಮೂರು ವರ್ಷದ್ದು ನಾಕೂವರಿ ತಿಂಗಳಿಗೆ ಬಂದು ನಿಲ್ತದ. ಹಂಗಾಗಿ ಬೆಲ್ಟ್ ಬಿಗಿ ಮೊದಲು ನೋಡ್ರಿ, ಆದ್ರ ನಿಮ್ಮದು ಅದಕ್ಕಿಂತ ಲಗೂ ಹೋಗ್ಲಿಕತ್ತದ, ಅಂದ್ರ ಇನ್ನೊಂದು ಏನರ ಅದ.

ಆ ಇನ್ನೊಂದು ಏನು ಅಂತ ನಾ ಪತ್ರ ಓದಿ ಹೇಳೋದಕ್ಕಿಂತ ನೀವು ತಗದ ಬೇರಿಂಗ್ ಛಂದ ಹೇಳ್ತದ. ನಮ್ಮ ಮಂದಿ ಹಳೇ ಬೇರಿಂಗ್ ತಗದ ಕೂಡ್ಲೆ ಸ್ಕ್ರ್ಯಾಪ್ ಡಬ್ಬಿಗೆ ಒಗೀತಾರ, ಅದರಷ್ಟು ನುಕ್ಸಾನದ ಕೆಲಸ ಇನ್ನೊಂದಿಲ್ಲ. ಔಟರ್ ರೇಸನ್ನ, ಅಂದ್ರ ಹೊರಗಿನ ರಿಂಗನ್ನ, ಗ್ರೈಂಡರ್ ಕಟಿಂಗ್ ವೀಲ್‌ಲೆ ಎರಡು ಕಡೆ ಕೊಯ್ರಿ, ಕಣ್ಣಿಗೆ ಗಾಗಲ್ ಹಾಕ್ಕೊಂಡು, ಸುತ್ತಿಗಿಲೆ ಒಡಿಯೋ ಕೆಲಸ ಬ್ಯಾಡ್ರಿ, ಬೇರಿಂಗ್ ಸ್ಟೀಲ್ 60 ಎಚ್‌ಆರ್‌ಸಿ ಆಸುಪಾಸಿನ ಗಟ್ಟಿ ಮಾಲ್, ಚೂರು ಸಿಡದ್ರ ಕಣ್ಣು ಹೋಗ್ತದ. ಕೊಯ್ದು ಡೀಸೆಲ್‌ನ್ಯಾಗ ತೊಳದು ಟ್ರ್ಯಾಕ್ ನೋಡ್ರಿ. ಚಲೋ ಓಡಿದ ಮೋಟರ್ ಬೇರಿಂಗಿನೊಳಗ ಇನ್ನರ್ ರೇಸಿನ, ಅಂದ್ರ ಒಳಗಿನ ರಿಂಗಿನ, ಗಾಲಿ (ಬಾಲ್ ಓಡೋ ಹಾದಿ) ನಡುವ ಸುತ್ತಲೂ ಒಂದು ಸಮ ಪಟ್ಟಿ ಇರ್ತದ, ಔಟರ್ ರೇಸಿನೊಳಗ ಲೋಡ್ ಬೀಳೋ ಕಡೆ ಅಷ್ಟೇ, ಅರ್ಧಕ್ಕಿಂತ ಕಡಿಮಿ ಭಾಗದಾಗ ಪಟ್ಟಿ ಇರ್ತದ. ಔಟರ್ ಒಳಗ ಸುತ್ತಲೂ ಪಟ್ಟಿ ಮೂಡ್ಯದ ಅಂದ್ರ ಒಳಗಿನ ಕ್ಲಿಯರೆನ್ಸ್, ಅಂದ್ರ ಬಾಲ್ ಆಡೋ ಸಂದು, ಸತ್ತು ಬಾಲ್ ಒತ್ತಿ ಹಿಡದದ ಅಂತ ಅರ್ಥ. ಪಟ್ಟಿ ಓರೆ ಆಗಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗ್ಯದ ಅಂದ್ರ ಬೇರಿಂಗ್ ನೆಟ್ಟಗ ಕೂತಿಲ್ಲ. ಬೋರಿನ ಒಳಗಿನ ಮೈ ಕಂದು ಪುಡಿ ಹಚ್ಚಿ ಪಾಲಿಶ್ ಆಗಿ ಹೊಳಿತದ ಅಂದ್ರ ಶಾಫ್ಟ್ ಮ್ಯಾಲ ರಿಂಗ್ ತಿರಗ್ಲಿಕತ್ತದ.

ಇನ್ನು ಗಾಲಿಯ ಒಂದು ಮಗ್ಗಲಿಗೆ, ಸಮ ಅಂತರದಾಗ ಸಣ್ಣ ಸಣ್ಣ ಗುಂಡಿ ಕಂಡ್ರ, ಎಣಿಸಿ ನೋಡ್ರಿ, ಬಾಲ್ ಎಷ್ಟೋ ಗುಂಡಿ ಅಷ್ಟೇ ಇರ್ತಾವ. ಇದು ಸುತ್ತಿಗಿ ಬಿದ್ದದ್ದರ ಗುರುತು, ಇದಕ್ಕ ಬ್ರಿನೆಲ್ಲಿಂಗ್ ಅಂತಾರ, 1900ರಾಗ ಗುಂಡು ಒತ್ತಿ ಲೋಹದ ಗಟ್ಟಿತನ ಅಳಿಯೋ ವಿಧಾನ ತೋರ್ಸಿದ ಸ್ವೀಡನ್ನಿನ ಬ್ರಿನೆಲ್ ಹೆಸರಿನ ಮ್ಯಾಲ. ನಿಮ್ಮ ಕೇಸಿನೊಳಗ ನನಗ ಹೆಚ್ಚು ಅನುಮಾನ ಇದರದ್ದೇ.

ಸುತ್ತಿಗಿ ಯಾಕ ಇಷ್ಟು ಕೆಟ್ಟದ್ದು ಅಂದ್ರ, ಬಾಲ್ ಮತ್ತ ಗಾಲಿ ಮುಟ್ಟೋ ಜಾಗಾ ಭಾಳ ಸಣ್ಣದು, ಹಂಗಾಗಿ ಅಲ್ಲಿ ಒತ್ತಡ ವಿಪರೀತ ಏರ್ತದ. ಬಾಲ್ ಬೇರಿಂಗಿಗೆ ಸ್ಟ್ಯಾಟಿಕ್ ಲೋಡಿನ, ಅಂದ್ರ ನಿಂತಲ್ಲೇ ಹೊರೋ ಭಾರದ, ಮಿತಿ ಹಾಕಿದ್ದು ಆ ಬಿಂದುವಿನ ಮ್ಯಾಲ 4,200 ಮೆಗಾಪಾಸ್ಕಲ್ ಒತ್ತಡಕ್ಕ, ಅಷ್ಟಕ್ಕ ಬಾಲ್ ವ್ಯಾಸದ ಹತ್ತು ಸಾವಿರದ ಒಂದು ಪಾಲು ಕಾಯಂ ತಗ್ಗು ಬೀಳ್ತದ. 6309ರ ಬಾಲ್ 17 ಮಿಮೀ ಆಸುಪಾಸು, ಅಂದ್ರ ತಗ್ಗು ಎರಡು ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರ ಮಿಲಿಮೀಟರಿನ ಸಾವಿರದ ಒಂದು ಪಾಲು) ಸುದ್ದಾ ಇಲ್ಲ, ಅಷ್ಟರ ತನಕ ಬೇರಿಂಗ್ ಸಹಿಸ್ತದ. ಎರಡು ಪೌಂಡಿನ ಸುತ್ತಿಗಿ ಔಟರ್ ರೇಸಿನ ಮ್ಯಾಲ ಬಿದ್ದು, ಆ ಪೆಟ್ಟು ಬಾಲ್ ದಾಟಿ ಇನ್ನರಿಗೆ ಹೋಗಿ ಶಾಫ್ಟ್ ಮ್ಯಾಲ ಬಿಗಿ ರಿಂಗನ್ನ ದೂಕಬೇಕು ಅಂದ್ರ ಆ ಮಿತಿ ಎಲ್ಲಿ ಉಳೀತದ? ಗುಂಡಿ ಬಿದ್ದ ಮ್ಯಾಲ 1440 ಆರ್‌ಪಿಎಂಗೆ ಔಟರಿನ ಒಂದು ಗುಂಡಿ ಮ್ಯಾಲ ಮಿನಿಟಿಗೆ ನಾಕೂವರಿ ಸಾವಿರ ಸಲ ಬಾಲ್ ಹಾದು ಹೋಗ್ತದ, ಅಂಚು ಕಿತ್ತು ಬರ್ತದ, ಕಿತ್ತ ಪುಡಿ ಗ್ರೀಸಿನೊಳಗ ಸೇರಿ ಉಳದ ಮೈಯೆಲ್ಲಾ ಅರೀತದ. ಹಾಕಿದ ದಿನ ಆವಾಜ್ ಬರಂಗಿಲ್ಲ, ಕೈಲೆ ತಿರಿಗಿಸಿದ್ರ ನಯಸಾಗಿ ತಿರಗ್ತದ, ಅದಕ್ಕ ಫಿಟ್ಟರ್‌ಗೆ ತಾ ಮಾಡಿದ್ದು ತಪ್ಪು ಅಂತ ಗೊತ್ತೇ ಆಗಂಗಿಲ್ಲ. ಎರಡು ತಿಂಗಳಾದ ಮ್ಯಾಲ ಬೇರಿಂಗ್ ಕಂಪನಿಗೆ ಬೈತಾನ.

ಅದಕ್ಕ ನಿಯಮ ಒಂದೇ, ಬಲ ಬಾಲ್ ಮುಖಾಂತರ ಹಾಯಬಾರ್ದು. ಯಾವ ರಿಂಗ್ ಬಿಗಿ ಕೂಡ್ತದೋ ಅದನ್ನೇ ಒತ್ತಬೇಕು. ನಿಮ್ಮ ಮೋಟರಿನೊಳಗ ಇನ್ನರ್ ಶಾಫ್ಟ್ ಮ್ಯಾಲ ಬಿಗಿ, ಔಟರ್ ಎಂಡ್ ಕವರಿನೊಳಗ (ಮೋಟರಿನ ತುದಿ ಮುಚ್ಚಳ) ಜಾರೋ ಫಿಟ್, ಹಂಗಾಗಿ ಪೈಪ್ ಇನ್ನರ್ ಮ್ಯಾಲ ಅಷ್ಟೇ ಕೂಡಬೇಕು. ಎರಡೂ ಬಿಗಿ ಇರೋ ಜಾಗಾದಾಗ ಎರಡೂ ರಿಂಗಿಗೆ ಒಂದೇ ಸಲ ಮುಟ್ಟೋ ಪ್ಲೇಟ್ ಬೇಕು. ನಿಮ್ಮ ಫಿಟ್ಟರ್ ಇಡೋ ಪೈಪ್ ತಗೊಂಡು ನೋಡ್ರಿ, ನೂರಕ್ಕ ತೊಂಬತ್ತು ಪಾಲು ಅದು ಹ್ಯಾಕ್‌ಸಾ ಲೆ ಕೊಯ್ದ ಯಾವುದೋ ಜಿಐ ಪೈಪಿನ ತುಂಡು, ಮುಖ ಓರೆ, ಅಂಚಿಗೆ ಬರ್ (ಕೊಯ್ದಾಗ ಎದ್ದ ಚೂಪು), ಒಮ್ಮೆ ಇನ್ನರಿಗೆ ಮುಟ್ತದ ಒಮ್ಮೆ ಬಾಲ್ ಹಿಡಿಯೋ ಕೇಜಿಗೆ. ಲೇತ್ ಮ್ಯಾಲ ಒಂದು ಸ್ಲೀವ್ ತಿರಿವಿಸಿರಿ, ಬೋರ್ 46, ಹೊರಗಿನ ವ್ಯಾಸ 58, ಎರಡೂ ಮುಖ ಕಾಟಕೋನದಾಗ ಫೇಸ್ ಮಾಡ್ಸಿ, ಮ್ಯಾಲ ಮುಚ್ಚಿದ ಟೋಪಿ ಹಾಕ್ಸಿ, ಆಗ ಒತ್ತು ನಟ್ಟನಡುವ ಬೀಳ್ತದ, ಭೋಸರಿಯೊಳಗ ಲೇತ್‌ಗೆ ಏನ್ ಬರ? ಹೈಡ್ರಾಲಿಕ್ ಪ್ರೆಸ್ ಇದ್ರ ಇನ್ನೂ ಚಲೋ. ಶುರು ಮಾಡುವಾಗ ರಿಂಗ್ ಶಾಫ್ಟಿಗೆ ನೆಟ್ಟಗ ಹಿಡೀರಿ, ಬಳೆಗಾರ ಬಳೆ ಏರ್ಸುವಾಗ ಹೆಂಗ ಓರೆ ಆಗದಂಗ ನೋಡ್ಕೋತಾನ ಹಂಗ, ಓರೆ ಹತ್ತಿದ ಮ್ಯಾಲ ಹೊಡದು ನೆಟ್ಟಗ ಮಾಡ್ತೀನಿ ಅನ್ನಬಾರ್ದು, ಶಾಫ್ಟ್ ಮ್ಯಾಲ ಗೀರು ಬೀಳ್ತದ, ಆ ಗೀರು ಮುಂದ ಎಲ್ಲಾ ಬೇರಿಂಗಿಗೂ ಕಾಡ್ತದ.

ಇಲ್ಲಿ ಒಂದು ಜಾಗಾ ಅದ, ಎಲ್ಲಾರೂ ಮರೀತಾರ. ಬೇರಿಂಗನ್ನ ಚಂದಾಗಿ ಕಾಸಿ ಕೂಡಸ್ತಾರ, ಎಂಡ್ ಕವರ್ ಹಾಕ್ತಾರ, ಮೋಟರ್ ಪೂರಾ ಕಟ್ತಾರ, ಆಮ್ಯಾಲ ಪುಲ್ಲಿ ಇಟ್ಟು ಸುತ್ತಿಗಿಲೆ ಧಡ್ ಧಡ್ ಅಂತ ಹೊಡೀತಾರ. ಬಸ್ಲಾ ಅಂತ ಫಿಟ್ಟರ್ ಕೂಗ್ತಾನ, ಪುಲ್ಲಿ ಕೂತದ್ದು ಖರೇ, ಆ ಪ್ರತಿ ಪೆಟ್ಟು ಶಾಫ್ಟ್ ಹಿಡ್ಕೊಂಡು ಬೇರಿಂಗಿನೊಳಗ ಹೋಗಿ ಬಾಲ್ ಮ್ಯಾಲ ಬಿದ್ದದ್ದೂ ಖರೇ. ನಿಮ್ಮದು ಬೆಲ್ಟ್ ಬ್ಲೋವರ್, ಹೋಗೋದು ಪುಲ್ಲಿ ಕಡೆ ಬೇರಿಂಗ್, ಅದಕ್ಕ ಇದರ ಮ್ಯಾಲ ನನ್ನ ಕಣ್ಣು ಜಾಸ್ತಿ. ನಿಮ್ಮ ಸೈಜಿನ ಮೋಟರ್ ಸಾಮಾನ್ಯವಾಗಿ 160 ಫ್ರೇಮ್, ಶಾಫ್ಟ್ 42 ಮಿಮೀ, ಅದರ ತುದಿಯೊಳಗ ಒಂದು ಚೂಡಿ (ಥ್ರೆಡ್) ಕೊರದ ತೂತು ಇರ್ತದ, ಎಂ16. ಆ ತೂತು ಚಂದಕ್ಕ ಅಲ್ಲ, ಎಂ16 ಸ್ಟಡ್ ಹಾಕಿ, ಮ್ಯಾಲ ದಪ್ಪ ವಾಶರ್ ಪ್ಲೇಟ್ ಮತ್ತ ನಟ್ ಹಾಕಿ ಪುಲ್ಲಿಯನ್ನ ಎಳದು ಕೂಡಸ್ಲಿಕ್ಕೇ ಮಾಡಿದ್ದು, ಬಲ ಎಲ್ಲಾ ಶಾಫ್ಟಿನೊಳಗ ಮುಗೀತದ, ಬೇರಿಂಗಿಗೆ ತಾಕಂಗಿಲ್ಲ. ಬಣ್ಣ ತುಂಬಿ ಮುಚ್ಚಿರ್ತದ, ಟ್ಯಾಪ್ ಹಾಕಿ ಸ್ವಚ್ಛ ಮಾಡ್ಕೋರಿ. ತಗೆಯುವಾಗ ಮೂರು ಕಾಲಿನ ಪುಲ್ಲರ್. ಕಪ್ಲಿಂಗ್ ಇದ್ದ ಮೋಟರಿಗೂ ಇದೇ ಮಾತು.

ಈಗ ಪಂಚ್ ವಿಷಯ. ಶಾಫ್ಟ್ ಸವದದ ಅಂತ ಸೆಂಟರ್ ಪಂಚ್‌ಲೆ ಸುತ್ತ ಚುಕ್ಕಿ ಹೊಡದು ಬಿಗಿ ಮಾಡೋದು ಪುಣೆಯಿಂದ ಹುಬ್ಬಳ್ಳಿ ತನಕ ಎಲ್ಲಾ ಕಡೆ ನಡೀತದ. ಹೊಡದ ಚುಕ್ಕಿ ಸುತ್ತ ಎದ್ದ ಲೋಹದ ತುದಿ ಅಷ್ಟೇ ಬೋರಿಗೆ ಮುಟ್ಟಿರ್ತದ, ಬಿಗಿ ಅನ್ನಿಸ್ತದ, ಲೋಡ್ ಬಿದ್ದು ನಾಕು ದಿನ ತಿರಗಿದ್ರ ಆ ತುದಿ ಸಪಾಟ್ ಆಗ್ತಾವ, ರಿಂಗ್ ಮತ್ತ ಲೂಸ್. ಮ್ಯಾಲಿಂದ ರಿಂಗ್ ಆ ಉಬ್ಬು ಮ್ಯಾಲ ಕೂತು ದುಂಡು ಕೆಡ್ತದ, ದುಂಡು ಕೆಟ್ಟ ಗಾಲಿ ಮ್ಯಾಲ ಬಾಲ್ ಓಡ್ತದ. ಹೌಸಿಂಗ್, ಅಂದ್ರ ಔಟರ್ ಕೂಡೋ ಜಾಗಾ, ಲೂಸ್ ಆದ್ರ ತಂಪು ಪಾನೀಯದ ಡಬ್ಬಿ ತಗಡು ಕತ್ತರಿಸಿ ಸುತ್ತೋ ಮಂದಿನೂ ಇದ್ದಾರ, ಅದೂ ಇದರ ತಮ್ಮನೇ.

ಲೂಸ್ ಅಂತ ಕೈಲೆ ಹೇಳಬ್ಯಾಡ್ರಿ, ಮೈಕ್ರೋಮೀಟರ್ ಹಚ್ರಿ. ಈ ಸೈಜಿನ ಮೋಟರ್ ಶಾಫ್ಟಿಗೆ ಸಾಮಾನ್ಯವಾಗಿ ಕೆ5 ಟಾಲರೆನ್ಸ್ (ಅಳತಿ ಹೆಚ್ಚುಕಡಿಮಿ ಆಗೋ ಮಿತಿ) ಇರ್ತದ, 45 ಮಿಮೀಗೆ ಅದು ಪ್ಲಸ್ 2ರಿಂದ ಪ್ಲಸ್ 13 ಮೈಕ್ರಾನ್, ಅಂದ್ರ ಶಾಫ್ಟ್ 45.002 ಮತ್ತ 45.013ರ ನಡುವ ಬರಬೇಕು. ಬೇರಿಂಗ್ ಬೋರ್ ಸೊನ್ನೆಯಿಂದ ಮೈನಸ್ 12 ಮೈಕ್ರಾನ್ ತನಕ ಇರ್ತದ, ಹಂಗಾಗಿ ಬಿಗಿ ಕಡಿಮಿ ಅಂದ್ರ 2, ಜಾಸ್ತಿ ಅಂದ್ರ 25 ಮೈಕ್ರಾನ್. ಹೌಸಿಂಗ್ ಎಚ್7 ಇದ್ರ 100 ಮಿಮೀಗೆ ಸೊನ್ನೆಯಿಂದ ಪ್ಲಸ್ 35. ಒಂದೇ ಜಾಗಾ ಅಳದು ಬಿಡಬ್ಯಾಡ್ರಿ, ಕೂಡೋ ಅಗಲದಾಗ ಮೂರು ಕಡೆ, ಪ್ರತಿ ಕಡೆ ನಾಕು ದಿಕ್ಕಿನಾಗ ಅಳೀರಿ, ಆಗ ಸವತ ಎಲ್ಲಿ ಅದ, ದುಂಡು ಅದನೋ ಇಲ್ಲೋ, ಟೇಪರ್ ಆಗ್ಯದನೋ ಎಲ್ಲಾ ಗೊತ್ತಾಗ್ತದ. ಹತ್ತು-ಹದಿನೈದು ಮೈಕ್ರಾನ್ ಸವದಿದ್ರ ರಿಟೇನಿಂಗ್ ಕಂಪೌಂಡ್, ಲೋಕ್‌ಟೈಟ್ ಅಂತ ಎಲ್ಲಾರೂ ಕರಿಯೋದು, ಶಾಫ್ಟ್ ಎಣ್ಣಿ ಇಲ್ಲದಂಗ ಒರಸಿ ಹಚ್ಚಿ ತಾತ್ಪೂರ್ತಿ ನಡಸ್ಬಹುದು, ಬೇರಿಂಗಿನೊಳಗ ಹನಿ ಇಳೀದಂಗ ನೋಡ್ಕೋಬೇಕು. ಅದಕ್ಕಿಂತ ಜಾಸ್ತಿ ಇದ್ರ, ಇಲ್ಲಾ ನಿಮ್ಮಂಗ ಈಗಾಗ್ಲೇ ಪಂಚ್ ಬಿದ್ದಿದ್ರ, ಮೆಟಲ್ ಸ್ಪ್ರೇ (ಸವದಲ್ಲಿ ಲೋಹ ಏರಿಸೋದು) ಮಾಡ್ಸಿ ಗ್ರೈಂಡ್ ಮಾಡ್ಸ್ರಿ. ಖರ್ಚು ಅಂತ ಶೇಠ್‌ರು ಅಂದ್ರ ವರ್ಷಕ್ಕ ಎಷ್ಟು ಬೇರಿಂಗ್, ಎಷ್ಟು ತಾಸು ಲೈನ್ ಬಂದ್ ಅಂತ ಒಂದು ಚೀಟಿ ಮ್ಯಾಲ ಬರದು ಅವರ ಮುಂದ ಇಡ್ರಿ, ಶೇಠ್‌ರಿಗೆ ಲೆಕ್ಕ ಬರ್ತದ.

ಅಳಿಯೋ ಹೊತ್ತಿನಾಗೇ ಶೋಲ್ಡರಿನ (ಬೇರಿಂಗ್ ಆತು ನಿಲ್ಲೋ ಶಾಫ್ಟಿನ ಮೆಟ್ಟಿಲು) ಮೂಲಿಯ ಗುಂಡಗಿನ ಫಿಲೆಟ್ ನೋಡ್ಕೋರಿ. ಅದರ ರೇಡಿಯಸ್ ಬೇರಿಂಗಿನ ಅಂಚಿನ ರೇಡಿಯಸ್‌ಗಿಂತ ದೊಡ್ಡದಿದ್ರ, 6309ಕ್ಕ 1.5 ಮಿಮೀ ದಾಟಿದ್ರ, ರಿಂಗ್ ಶೋಲ್ಡರಿಗೆ ಮುಟ್ಟೋ ಮೊದಲ ಮೂಲ್ಯಾಗ ಏರಿ ಓರೆ ನಿಲ್ತದ. ಶಾಫ್ಟ್ ಬದಲಿ ಮಾಡ್ಸಿದ ಮೋಟರಿನೊಳಗ ಇದು ಭಾಳ ಕಂಡೀನಿ, ಲೇತಿನಾಂವ ಟೂಲಿನ ಮೂತಿ ಹೆಂಗ ಇತ್ತೋ ಹಂಗ ಬಿಟ್ಟಿರ್ತಾನ.

ಸಿ3 ಪ್ರಶ್ನಿಗೆ ಉತ್ತರ ಇದೇ ಲೆಕ್ಕದೊಳಗ ಬರ್ತದ. ಸಾದಾ ಅಂತ ನೀವು ಅನ್ನೋ ಸಿಎನ್ ಕ್ಲಿಯರೆನ್ಸ್ ಈ ಬೋರಿಗೆ 6ರಿಂದ 23 ಮೈಕ್ರಾನ್, ಸಿ3 ಅಂದ್ರ 18ರಿಂದ 36. ಇದು ಬಾಕ್ಸಿನೊಳಗ ಇದ್ದಾಗಿನ ಸಂದು. ಬಿಗಿ ಶಾಫ್ಟ್ ಮ್ಯಾಲ ಏರ್ಸಿದ್ರ ಇನ್ನರ್ ಹಿಗ್ಗಿ, ಬಿಗಿಯ ಸುಮಾರು ಶೇಕಡಾ 80 ಪಾಲು ಈ ಸಂದಿನೊಳಗಿಂದ ಕಡಿಮಿ ಆಗ್ತದ. ನಡುವಿನ ಬಿಗಿ 13 ಮೈಕ್ರಾನ್ ಹಿಡದ್ರ ಹತ್ತೋ ಹನ್ನೊಂದೋ ಹೋತು. ಮೋಟರ್ ಓಡುವಾಗ ರೋಟರ್ ಕಾವು ಶಾಫ್ಟಿನಿಂದ ಬರ್ತದ, ಇನ್ನರ್ ಔಟರಿಗಿಂತ ಹತ್ತು ಡಿಗ್ರಿ ಜಾಸ್ತಿ ಕಾದ್ರ ಇನ್ನೊಂದು ಎಂಟೊಂಬತ್ತು ಮೈಕ್ರಾನ್ ಹೋತು. ಒಟ್ಟು 20. ಸಾದಾ ಬೇರಿಂಗಿನೊಳಗ ಏನ್ ಉಳೀತು ನೀವೇ ಲೆಕ್ಕ ಹಾಕ್ರಿ, ಬಹಳಷ್ಟು ಬೇರಿಂಗಿನೊಳಗ ಸೊನ್ನೆ ಕೆಳಗ ಹೋಗ್ತದ, ಬಾಲ್ ಒತ್ತಿ ಹಿಡದು ಕಾವು ಇನ್ನೂ ಏರ್ತದ, ಏರಿದ ಕಾವಿಗೆ ಸಂದು ಇನ್ನೂ ಸಾಯ್ತದ. ಅದಕ್ಕ ಮೋಟರಿಗೆ ಸಿ3. ಹಂಗಂತ ಶಾಫ್ಟ್ ಲೂಸ್ ಇದ್ದಾಗ ಸಿ4 ಹಾಕ್ಲಾ ಅಂತ ಕೇಳಬ್ಯಾಡ್ರಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅಂಗಡ್ಯಾಗ 6309 ಕೊಡು ಅಂದ್ರ ಕೈಗೆ ಸಿಕ್ಕದ್ದು ಕೊಡ್ತಾನ, ಚೀಟ್ಯಾಗ ಪೂರಾ ನಂಬರ್ ಬರದು ಕಳಸ್ರಿ, ಸಿ3 ಅಂತ, ಝಡ್‌ಝಡ್ (ತಗಡಿನ ಶೀಲ್ಡ್) ಬೇಕೋ 2ಆರ್‌ಎಸ್ (ರಬ್ಬರ್ ಸೀಲ್) ಬೇಕೋ ಓಪನ್ ಬೇಕೋ ಅಂತ.

ಕಾಸಿದ್ರ ಮೆತ್ತಗಾಗ್ತದ ಅನ್ನೋದು ಅರ್ಧ ಖರೇ. ಗ್ಯಾಸ್ ಕಟರ್ ಬೆಂಕಿ ಹಿಡದ್ರ ಖಂಡಿತ ಕೆಡ್ತದ, ಬೆಂಕಿ ತಾಕಿದಲ್ಲಿ ಸ್ಟೀಲಿನ ಟೆಂಪರ್ ಹೋಗ್ತದ, ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಹಂಗೇ ಉಳದು ರಿಂಗ್ ವಕ್ರ ಆಗ್ತದ. ಆದ್ರ 110 ಡಿಗ್ರಿ ತನಕ ಸಮ ಆಗಿ ಕಾಸಿದ್ರ ಏನೂ ಆಗಂಗಿಲ್ಲ, 120 ದಾಟಿಸಬಾರ್ದು ಅಷ್ಟೇ. ಸ್ಟೀಲ್ ಒಂದು ಡಿಗ್ರಿಗೆ ಮೀಟರಿಗೆ 12 ಮೈಕ್ರಾನ್ ಹಿಗ್ತದ, 30 ಡಿಗ್ರಿಯಿಂದ 110ಕ್ಕ ಹೋದ್ರ 45ರ ಬೋರ್ 43 ಮೈಕ್ರಾನ್ ದೊಡ್ಡದಾಗ್ತದ, ನಮ್ಮ ಬಿಗಿ ಜಾಸ್ತಿ ಅಂದ್ರ 25, ಹಂಗಾಗಿ ಸುತ್ತಿಗಿ ಹೆಸರಿಲ್ಲದಂಗ ಕೈಲೆ ಜಾರಿ ಕೂಡ್ತದ. ಶೀಲ್ಡ್ ಇಲ್ಲಾ ಸೀಲ್ ಇದ್ದ ಬೇರಿಂಗಿನೊಳಗ ಗ್ರೀಸ್ ತುಂಬಿರ್ತದ, ಅದನ್ನ 80 ದಾಟಿಸಬ್ಯಾಡ್ರಿ, ಎಣ್ಣಿಯೊಳಗ ಮುಳುಗಿಸೋದಂತೂ ಬ್ಯಾಡೇ ಬ್ಯಾಡ. 80ಕ್ಕ ಹಿಗ್ಗೋದು 27 ಮೈಕ್ರಾನ್ ಅಷ್ಟೇ, ಅದಕ್ಕ ಶಾಫ್ಟ್ ಒರಸಿ, ತೆಳ್ಳಗ ಎಣ್ಣಿ ಕೈ ಆಡ್ಸಿ, ಎಲ್ಲಾ ತಯಾರ್ ಇಟ್ಕೊಂಡು ಲಗೂನ ಏರ್ಸಬೇಕು, ನಡುವ ನಿಂತು ಫೋನ್ ಎತ್ತಿದ್ರ ಅಲ್ಲೇ ಹಿಡ್ಕೋತದ.

ಕಾಸ್ಲಿಕ್ಕ ಇಂಡಕ್ಷನ್ ಹೀಟರ್ ಎಲ್ಲಕ್ಕಿಂತ ಚಲೋ, ಮುಗದ ಮ್ಯಾಲ ಡಿಮ್ಯಾಗ್ನೆಟೈಸ್ ಮಾಡೋದು ಇದ್ದದ್ದೇ ತಗೋರಿ, ಇಲ್ಲಾಂದ್ರ ಬೇರಿಂಗ್ ಅಯಸ್ಕಾಂತ ಆಗಿ ಲೋಹದ ಪುಡಿ ಎಳ್ಕೋತದ. ಅಷ್ಟು ಖರ್ಚು ಆಗಂಗಿಲ್ಲ ಅಂದ್ರ ಥರ್ಮೋಸ್ಟ್ಯಾಟ್ ಇರೋ ಸಣ್ಣ ಓವನ್ ಸಾಕು, ಅದರಾಗ ಮತ್ತ ಯಾರೂ ತಿನ್ನೋದು ಕಾಸಬಾರ್ದು ಅಷ್ಟೇ. ಓಪನ್ ಬೇರಿಂಗಿಗೆ ಸ್ವಚ್ಛ ಎಣ್ಣಿ ಪಾತ್ರಿ ನಡೀತದ, ತಳಕ್ಕ ಮುಟ್ಟದಂಗ ಜಾಳಗಿ ಮ್ಯಾಲ ಇಡ್ರಿ. ಥರ್ಮಲ್ ಗನ್ ನಂಬಿದ್ರ ಮೋಸ ಹೋಗ್ತೀರಿ, ಹೊಳಿಯೋ ಸ್ಟೀಲ್ ಮ್ಯಾಲ ಅದು ಭಾಳ ಕಡಿಮಿ ತೋರಸ್ತದ, 80 ಅಂತ ತೋರ್ಸೋ ಹೊತ್ತಿಗೆ ಖರೇ ಕಾವು ಎಷ್ಟೋ ಮುಂದ ಹೋಗಿರ್ತದ. ಮುಟ್ಟಿಸಿ ಅಳಿಯೋ ಪ್ರೋಬ್ ಹಚ್ರಿ. ನೀರು ಚಿಮುಕಿಸಿ ಚುಂಯ್ ಅಂತದನೋ ನೋಡೋ ಪದ್ಧತಿ ಬಿಡ್ರಿ, ತುಕ್ಕಿಗೆ ಬೀಜ ಬಿತ್ತಿದಂಗ ಆಗ್ತದ. ಕೂತ ಮ್ಯಾಲ ಒಂದು ಮಾತು, ಬೇರಿಂಗ್ ಆರುವಾಗ ಅಗಲದಾಗೂ ಕುಗ್ತದ, ಶೋಲ್ಡರಿನಿಂದ ಕೂದಲೆಳಿ ಹಿಂದ ಸರೀತದ, ಅದಕ್ಕ ಪೂರಾ ಹಿಡ್ಕೊಳ್ಳೋ ತನಕ ಸ್ಲೀವ್ ಇಟ್ಟು ಒತ್ತಿ ಹಿಡೀರಿ, ಆರಿದ ಮ್ಯಾಲ ತೆಳ್ಳನ ಫೀಲರ್ ಗೇಜ್ ತೂರಿಸಿ ನೋಡ್ರಿ, ತೂರಬಾರ್ದು.

ಎಂಡ್ ಕವರ್ ಹಾಕುವಾಗ ಔಟರ್ ಜಾರಿ ಹೋಗಬೇಕು, ಹೋಗಂಗಿಲ್ಲ ಅಂದ್ರ ಹೊಡೀಬ್ಯಾಡ್ರಿ, ಹೌಸಿಂಗಿನೊಳಗ ಬಣ್ಣ, ವಾರ್ನಿಶ್, ತುಕ್ಕು ಇದ್ದದ್ದು ತಗೀರಿ, ರಿವೈಂಡಿಂಗಿಗೆ ಹೋಗಿ ಬಂದ ಮೋಟರಿನೊಳಗ ವಾರ್ನಿಶ್ ಹನಿ ಅಲ್ಲೇ ಒಣಗಿರ್ತದ. ಕವರನ್ನ ಜರಾ ಬಿಸಿ ಮಾಡಿದ್ರ ಸಲೀಸಾಗಿ ಇಳೀತದ. ಬೋಲ್ಟ್ ಎದುರಾ-ಬದುರಾ ಸ್ವಲ್ಪ ಸ್ವಲ್ಪ ಬಿಗೀರಿ, ಪ್ರತಿ ಸುತ್ತಿಗೂ ಶಾಫ್ಟ್ ಕೈಲೆ ತಿರಿಗಿಸಿ ನೋಡ್ರಿ. 6309ರಂಥ ಡೀಪ್ ಗ್ರೂವ್ ಬೇರಿಂಗ್ ಓರೆ ಸಹಿಸೋದು ಭಾಳ ಕಡಿಮಿ, ಒಂದು ಡಿಗ್ರಿಯನ್ನ 60 ಭಾಗ ಮಾಡಿದ್ರ ಅದರಾಗ 2ರಿಂದ 10 ಭಾಗ ಅಷ್ಟೇ. ಸ್ವೀಡನ್ನಿನ ಗೋಥೆನ್‌ಬರ್ಗ್ ಊರಿನ ಒಂದು ಬಟ್ಟಿ ಗಿರಣ್ಯಾಗ ಸ್ವೆನ್ ವಿಂಗ್‌ಕ್ವಿಸ್ಟ್ ಅಂತ ನಿಮ್ಮಂಥ ಮೇಂಟೆನನ್ಸ್ ಎಂಜಿನಿಯರ್ ಇದ್ದ, ಅಲ್ಲಿ ಜೇಡಿ ನೆಲ ಕುಸದು ಲೈನ್ ಶಾಫ್ಟ್ ಓರೆ ಆಗಿ ಬೇರಿಂಗ್ ಹೋಗ್ತಿದ್ದವು, ಆಂವ 1907ರಾಗ ತಾನೇ ಓರೆಗೆ ಹೊಂದ್ಕೊಳ್ಳೋ ಸೆಲ್ಫ್ ಅಲೈನಿಂಗ್ ಬಾಲ್ ಬೇರಿಂಗ್ ಮಾಡಿದ, ಅದರಿಂದಲೇ ಎಸ್‌ಕೆಎಫ್ ಹುಟ್ಟಿದ್ದು, ಅವರದ್ದೊಂದು ಫ್ಯಾಕ್ಟರಿ ನಿಮ್ಮ ಮಗ್ಗಲಿನ ಚಿಂಚ್‌ವಡ್‌ನ್ಯಾಗೇ ಅದ. ಮೋಟರಿನೊಳಗ ಆ ಬೇರಿಂಗ್ ಇರಂಗಿಲ್ಲ, ಹಂಗಾಗಿ ನೆಟ್ಟಗ ಕೂಡಸೋ ಕೆಲಸ ನಿಮ್ಮ ಕೈಯೊಳಗೇ ಉಳೀತದ.

ಮೋಟರಿನ ಹಿಂದಿನ ಕಡೆ, ಫ್ಯಾನ್ ಬದಿಗೆ, ಔಟರ್ ಹಿಂದ ಒಂದು ಅಲೆ ಅಲೆ ವಾಶರ್ ಇರ್ತದ. ಶಾಫ್ಟ್ ಕಾದು ಉದ್ದ ಆಗ್ತದ, 500 ಮಿಮೀ ಶಾಫ್ಟ್ ಬಾಡಿಗಿಂತ 40 ಡಿಗ್ರಿ ಜಾಸ್ತಿ ಕಾದ್ರ ಕಾಲು ಮಿಲಿಮೀಟರ್ ಹತ್ರ ಬೆಳೀತದ, ಅದಕ್ಕ ಒಂದು ಬದಿ ಬೇರಿಂಗ್ ಗಟ್ಟಿ ಹಿಡದು ಇನ್ನೊಂದು ಬದಿ ಸರೀಲಿಕ್ಕ ಬಿಟ್ಟಿರ್ತಾರ. ಆ ವಾಶರ್ ಕಳದು ಹೋತು ಅಂತ ಸಾದಾ ದಪ್ಪ ವಾಶರ್ ಹಾಕಿ ಒತ್ತಿದ್ರ ಎರಡೂ ಬೇರಿಂಗ್ ಒಂದನ್ನೊಂದು ದೂಕಿ ಸಾಯ್ತಾವ.

ಗ್ರೀಸಿನ ವಿಷಯ ಜಾಸ್ತಿ ಎಳಿಯಂಗಿಲ್ಲ. ಓಪನ್ ಬೇರಿಂಗ್ ಇದ್ರ ಬೇರಿಂಗಿನೊಳಗ ಕೈಲೆ ಒತ್ತಿ ತುಂಬ್ರಿ, ಕವರಿನ ಖಾಲಿ ಜಾಗಾದಾಗ ಮೂರನೇ ಒಂದು ಪಾಲಿನಿಂದ ಅರ್ಧ ಅಷ್ಟೇ, ಪೂರಾ ತುಂಬಿದ್ರ ಗ್ರೀಸ್ ಕಡದು ಕಡದು ಕಾವು ಏರ್ತದ. ಆಮ್ಯಾಲಿಂದ ಕೊಡೋದು ಗ್ರ್ಯಾಮಿನ ಲೆಕ್ಕ, ಹೊರ ವ್ಯಾಸವನ್ನ ಅಗಲದಿಂದ ಗುಣಿಸಿ 0.005ರಿಂದ ಗುಣಿಸ್ರಿ, ನಿಮ್ಮದಕ್ಕ 12.5 ಗ್ರ್ಯಾಮ್. ನಿಮ್ಮ ಗ್ರೀಸ್ ಗನ್ ಒಂದು ಹೊಡತಕ್ಕ ಎಷ್ಟು ಗ್ರ್ಯಾಮ್ ಕೊಡ್ತದ ಅಂತ ಕಾಗದದ ಮ್ಯಾಲ ಹೊಡದು ತೂಗಿ ಗನ್ ಮ್ಯಾಲೇ ಬರದು ಇಡ್ರಿ. ಲಿಥಿಯಂ ಗ್ರೀಸ್ ಇದ್ದಲ್ಲಿ ಪಾಲಿಯೂರಿಯಾ ಗ್ರೀಸ್ ಬೆರೆಸಬ್ಯಾಡ್ರಿ, ಎರಡೂ ಕೂಡಿ ನೀರಾಗಿ ಹರದು ಹೋಗೋ ಸಾಧ್ಯತೆ ಅದ.

ಸ್ವಚ್ಛತಾ ಅಂದ್ರ ನಮ್ಮ ಮಂದಿ ನಗ್ತಾರ, ಭೋಸರಿಯೊಳಗ ಮಗ್ಗಲ ಶೆಡ್ಡಿನ ಗ್ರೈಂಡಿಂಗ್ ಧೂಳು ನಿಮ್ಮ ಚಹಾದಾಗೂ ಬೀಳ್ತದ, ಗೊತ್ತದ. ಅದಕ್ಕೇ ಹಾಕೋ ಕ್ಷಣದ ತನಕ ಬಾಕ್ಸ್ ಒಡೀಬ್ಯಾಡ್ರಿ, ಮೈಗೆ ಹಚ್ಚಿದ ಎಣ್ಣಿ ತೊಳೀಬ್ಯಾಡ್ರಿ, ಕಾಟನ್ ವೇಸ್ಟ್ ಲೆ ಒರಸಬ್ಯಾಡ್ರಿ, ನೂಲು ಒಳಗ ಹೋಗ್ತದ. ಬೆವತ ಕೈಲೆ ಹಿಡದ್ರ ಬೆರಳಿನ ಗುರುತಿಗೆ ಸರಿಯಾಗಿ ತುಕ್ಕು ಬರ್ತದ, ಮುಂಬೈ, ಗೋವಾ ಕಡೆ ಮಳಿಗಾಲದಾಗ ಇದು ಭಾಳ ಲಗೂ ಆಗ್ತದ. ಸ್ಪೇರ್ ಮೋಟರನ್ನ ಪ್ರೆಸ್ ಮಶೀನ್ ಮಗ್ಗಲ ವರ್ಷಗಟ್ಟಲೆ ಇಟ್ರ, ನಿಂತಲ್ಲೇ ನಡುಗಿ ನಡುಗಿ ಬಾಲ್ ಕೂತ ಜಾಗಾ ಸವದು ಗುಂಡಿ ಬೀಳ್ತದ, ಆಗಾಗ ಶಾಫ್ಟ್ ತಿರಿಗಿಸಿ ಬ್ಯಾರೆ ಜಾಗಾದಾಗ ನಿಲ್ಲಿಸ್ರಿ. ಕೊಯ್ದ ಬೇರಿಂಗಿನೊಳಗ ಗುಂಡಿ ಬದ್ಲಿ ಒತ್ತಾಗಿ ಅಡ್ಡ ಗೆರಿ ಗೆರಿ ಕಂಡ್ರ, ಬಟ್ಟಿ ತಿಕ್ಕೋ ಹಲಗಿ ಮ್ಯಾಲ ಇರ್ತಾವಲ್ಲ ಅಂಥವು, ಅದು ಕರೆಂಟ್ ಹಾದ ಗುರುತು, ಬ್ಲೋವರಿಗೆ ವಿಎಫ್‌ಡಿ (ಮೋಟರ್ ವೇಗ ಬದಲಿಸೋ ಡ್ರೈವ್) ಹಾಕಿದ್ರ ನನಗ ತಿಳಸ್ರಿ, ಅದರ ಉಪಾಯ ಬ್ಯಾರೆ. ವೆಲ್ಡಿಂಗ್ ಅರ್ಥಿಂಗ್ ಮೋಟರ್ ಬಾಡಿಗೆ ಕಟ್ಟೋ ಚಟ ಇದ್ರ ಇವತ್ತೇ ಬಿಡ್ಸ್ರಿ.

ಹೊಸದು ಹಾಕಿ ಚಾಲೂ ಮಾಡಿದ ಮ್ಯಾಲ ಮೊದಲ ಕೆಲವು ತಾಸು ಕಾವು ಏರಿ ಆಮ್ಯಾಲ ಇಳದು ಒಂದು ಕಡೆ ನಿಲ್ತದ, ಗ್ರೀಸ್ ಹೊಂದ್ಕೊಳ್ಳೋ ರೀತಿ ಅದು, ಹೆದರಬ್ಯಾಡ್ರಿ. ಏರ್ತಾನೇ ಹೊಂಟ್ರ ನಿಲ್ಲಿಸಿ ಬೆಲ್ಟ್ ಬಿಗಿ, ಹಿಂದಿನ ವಾಶರ್, ಗ್ರೀಸ್ ಮೂರೂ ನೋಡ್ರಿ.

ಇನ್ನ ತಗದ ಬೇರಿಂಗ್ ಮತ್ತ ಹಾಕೋದು. ನೀವು ಪುಲ್ಲರನ್ನ ಔಟರಿಗೆ ಸಿಕ್ಕಿಸಿ ಎಳದು ತಗದ್ರಿ ಅಂದ್ರ ಆ ಬಲ ಎಲ್ಲಾ ಬಾಲ್ ಮುಖಾಂತರವೇ ಹಾದದ್ದು, ನೋಡ್ಲಿಕ್ಕ ಎಷ್ಟೇ ಹೊಳೀಲಿ, ಅದು ಸ್ಕ್ರ್ಯಾಪ್. ಇನ್ನರ್ ಹಿಂದ ಸ್ಪ್ಲಿಟ್ ಪ್ಲೇಟ್ ಹಾಕಿ ಇನ್ನರನ್ನೇ ಹಿಡದು ಎಳದಿದ್ರ, ತಿರಿಗಿಸಿದಾಗ ಖರ್ ಖರ್ ಅನ್ನದಿದ್ರ, ಮತ್ತ ಹಾಕ್ಬಹುದು, ಆದ್ರ ಈ ಸೈಜಿನ ಬೇರಿಂಗಿಗೆ ನಾನಂತೂ ಹಾಕಂಗಿಲ್ಲ, ಮೋಟರ್ ಬಿಚ್ಚಿ ಕಟ್ಟೋ ಕೂಲಿ ಬೇರಿಂಗಿನ ರೇಟಿಗಿಂತ ಜಾಸ್ತಿ ಬರ್ತದ. ಫ್ಯಾನ್ ಕಡೆದ್ದನ್ನೂ ಈ ಸಲ ಕೂಡೇ ಬದಲಿ ಮಾಡ್ರಿ, ಯಾಕಂದ್ರ ಪುಲ್ಲಿ ಹೊಡದ ಪೆಟ್ಟು ಎರಡೂ ಬದಿಗೆ ಹಂಚಿ ಹೋಗಿರ್ತದ, ಆಮ್ಯಾಲ ಔಟರ್ ಕೊಯ್ದ ಫೋಟೋ ಮತ್ತ ಶಾಫ್ಟಿನ ಹನ್ನೆರಡು ಮೈಕ್ರೋಮೀಟರ್ ರೀಡಿಂಗ್ ಕಳಸ್ರಿ, ಸ್ಪ್ರೇ ಬೇಕೋ ಕಂಪೌಂಡಿನಾಗ ನಡೀತದೋ ಅಂತ ಆಗ ಹೇಳ್ತೀನಿ.